ಎರಡು ಮನೆಗಳ ಹೆಸರು

ಕನ್ನಡದಲ್ಲಿ ‘ಹೆಸರು’ ಎಂಬ ಮಾತನ್ನು ಆಶ್ರಯಿಸಿ ಎಷ್ಟೊಂದು ನುಡಿಗಟ್ಟುಗಳು ಬೆಳೆದಿವೆ! ಸಾಧನೆ ಮಾಡಿದವನು ಹೆಸರು ಗಳಿಸುತ್ತಾನೆ. ಸನ್ಮಾರ್ಗದಲ್ಲಿ ನಡೆದ ಮಗಳು ಮನೆತನದ ಹೆಸರು ಉಳಿಸುತ್ತಾಳೆ. ದಾರಿ ತಪ್ಪಿದವನು ಹೆಸರು ಕೆಡಿಸಿಕೊಳ್ಳುತ್ತಾನೆ. ಮನಸ್ಸು ಮುರಿದಾಗ “ಅವನ ಹೆಸರೆತ್ತಬೇಡ” ಎನ್ನುತ್ತೇವೆ. ಈ ಮಾತುಗಳಲ್ಲೆಲ್ಲ ಹೆಸರೆಂದರೆ ಮಾನ. ಹೆಸರೆಂದರೆ ಆ ಮನುಷ್ಯನೇ. ಒಬ್ಬನ ಹೆಸರನ್ನು ತಪ್ಪಾಗಿ ಕರೆದರೆ ಆತನಿಗೆ ನೋವಾಗುವುದು ಇದರಿಂದಲೇ. ಆ ನೋವು ಅಕ್ಷರಕ್ಕಾದುದಲ್ಲ, ವ್ಯಕ್ತಿತ್ವಕ್ಕಾದುದು.

ಹೆಸರಿಲ್ಲದ ಜನಾಂಗ ಪ್ರಪಂಚದಲ್ಲಿಲ್ಲ. ಆದರೆ ಹೆಸರನ್ನು ಕಟ್ಟುವ ರೀತಿ ಎಲ್ಲೆಡೆಯೂ ಒಂದೇ ಅಲ್ಲ. ಭಾಷೆಗೊಂದು ವ್ಯಾಕರಣವಿರುವಂತೆ ಹೆಸರಿಗೂ ಒಂದು ವ್ಯಾಕರಣವುಂಟು. ಯಾವ ಪದ ಮೊದಲು ಬರಬೇಕು, ಯಾವುದು ತಂದೆಯದು, ಯಾವುದು ಊರಿನದು, ಯಾವ ಪದವನ್ನು ಹಿಡಿದು ಕರೆಯಬೇಕು ಎಂಬುದನ್ನೆಲ್ಲ ಆಯಾ ಸಮಾಜ ತನ್ನ ಬಾಳಿನ ಕ್ರಮಕ್ಕೆ ಅನುಗುಣವಾಗಿ ಗೊತ್ತುಮಾಡಿಕೊಂಡಿದೆ. ನಮಗೆ ರೂಢಿಯಾದ ಕ್ರಮವೇ ಜಗತ್ತಿನ ನಿಯಮವೆಂದು ಭಾವಿಸುವುದು ಸುಲಭ. ಆದರೆ ಒಬ್ಬರ ಹೆಸರನ್ನು ಅವರ ಭಾಷೆಯ ನಿಯಮದಂತೆ ಗ್ರಹಿಸಬೇಕೇ ಹೊರತು ನಮ್ಮ ನಿಯಮದಂತಲ್ಲ. ಇದನ್ನು ಮನಗಾಣಿಸಲು ಸ್ಪೇನ್ ದೇಶದ ನಾಮಪದ್ಧತಿ ಒಂದು ಒಳ್ಳೆಯ ನಿದರ್ಶನ.

ಸ್ಪೇನಿನಲ್ಲಿಯೂ ಸ್ಪ್ಯಾನಿಷ್ ಭಾಷೆಯನ್ನಾಡುವ ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಹುತೇಕ ರಾಷ್ಟ್ರಗಳಲ್ಲಿಯೂ ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರುಗಳಿರುತ್ತವೆ. ಮೊದಲು ಬರುವುದು ಮಗುವಿಗೆ ಇಟ್ಟ ಹೆಸರು. ಅದರ ಬಳಿಕ ತಂದೆಯ ಮನೆತನದ ಹೆಸರು. ಕೊನೆಯಲ್ಲಿ ತಾಯಿಯ ಮನೆತನದ ಹೆಸರು. ಕೊಲಂಬಿಯ ದೇಶದ ಪ್ರಸಿದ್ಧ ಕಾದಂಬರಿಕಾರ, 1982ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರ ಹೆಸರನ್ನು ನೋಡಿರಿ. ‘ಗಾಬ್ರಿಯೆಲ್’ ಎಂಬುದು ಇಟ್ಟ ಹೆಸರು. ‘ಗಾರ್ಸಿಯಾ’ ತಂದೆಯಿಂದ ಬಂದುದು. ‘ಮಾರ್ಕೆಸ್’ ತಾಯಿಯಿಂದ ಬಂದುದು. ಇಂಗ್ಲಿಷ್ ಹೆಸರುಗಳನ್ನು ಕಂಡು ಅಭ್ಯಾಸವಾದ ನಮ್ಮ ಕಣ್ಣಿಗೆ ಕೊನೆಯ ಪದವೇ ಮುಖ್ಯವೆಂದೂ ನಡುವಿನ ಪದ ಗೌಣವೆಂದೂ ತೋರುತ್ತದೆ. ಅನೇಕರು ಅವರನ್ನು ‘ಮಾರ್ಕೆಸ್’ ಎಂದಷ್ಟೇ ಕರೆದುಬಿಡುವುದು ಇದರಿಂದಲೇ. ಸ್ಪ್ಯಾನಿಷ್ ಕ್ರಮದಂತೆ ಅವರು ‘ಗಾರ್ಸಿಯಾ ಮಾರ್ಕೆಸ್’. ಗ್ರಂಥಾಲಯದಲ್ಲಿ ಅವರ ಪುಸ್ತಕವನ್ನು ಹುಡುಕಬೇಕಾದುದು ‘ಗ’ ಅಕ್ಷರದ ಕೆಳಗೆ. ‘ಮ’ ಅಕ್ಷರದ ಕೆಳಗಲ್ಲ.

ಈ ಪದ್ಧತಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ಸಾಗುತ್ತದೆ ಎಂಬುದನ್ನು ಅದೇ ಕುಟುಂಬದಲ್ಲಿ ಕಾಣಬಹುದು. ಲೇಖಕರ ತಾಯಿ ಲೂಯಿಸಾ ಸಾಂತಿಯಾಗಾ ಮಾರ್ಕೆಸ್ ಇಗ್ವಾರಾನ್. ಆಕೆಯ ತಂದೆ ಕರ್ನಲ್ ನಿಕೊಲಾಸ್ ಮಾರ್ಕೆಸ್. ತಾಯಿ ತ್ರಾಂಕಿಲೀನಾ ಇಗ್ವಾರಾನ್. ಹೀಗೆ ಲೂಯಿಸಾ ಅವರ ಹೆಸರಿನಲ್ಲಿ ತವರಿನ ಎರಡು ಎಳೆಗಳೂ ಉಳಿದಿದ್ದವು. ಅವರು ಮಗನಿಗೆ ದಾಟಿಸಿದುದು ಮೊದಲನೆಯ ಎಳೆಯನ್ನು ಮಾತ್ರ. ಇಗ್ವಾರಾನ್ ಎಂಬ ಅಜ್ಜಿಯ ಹೆಸರು ಮೊಮ್ಮಗನ ಹೆಸರಿನಲ್ಲಿ ಇಲ್ಲ. ಆ ಮೊಮ್ಮಗ ಮೆರ್ಸೆದೆಸ್ ಬಾರ್ಚಾ ಎಂಬವರನ್ನು ವರಿಸಿದರು. ಅವರ ಮಕ್ಕಳು ರೊದ್ರಿಗೊ ಗಾರ್ಸಿಯಾ ಬಾರ್ಚಾ ಮತ್ತು ಗೊನ್ಸಾಲೊ ಗಾರ್ಸಿಯಾ ಬಾರ್ಚಾ. ಮಾರ್ಕೆಸ್ ಎಂಬ ಹೆಸರು ಅಲ್ಲಿಗೆ ನಿಂತಿತು. ಬಾರ್ಚಾ ಎಂಬ ಹೊಸ ಎಳೆ ಸೇರಿತು. ನದಿಗೆ ಪ್ರತಿ ತಿರುವಿನಲ್ಲಿಯೂ ಒಂದು ಉಪನದಿ ಬಂದು ಕೂಡುವಂತೆ ಪ್ರತಿ ತಲೆಮಾರಿನಲ್ಲಿಯೂ ಒಬ್ಬ ತಾಯಿಯ ಮನೆ ಬಂದು ಕೂಡುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಮದುವೆಯಾದ ಮಾತ್ರಕ್ಕೆ ಸ್ಪೇನಿನ ಹೆಣ್ಣು ತನ್ನ ಹೆಸರನ್ನು ಬದಲಿಸಿಕೊಳ್ಳುವುದಿಲ್ಲ. ಹುಟ್ಟಿದಾಗ ಯಾವ ಹೆಸರು ದಾಖಲಾಯಿತೋ ಅದೇ ಹೆಸರಿನಲ್ಲಿ ಆಕೆ ಓದುತ್ತಾಳೆ, ದುಡಿಯುತ್ತಾಳೆ, ಮುಪ್ಪನ್ನು ಕಾಣುತ್ತಾಳೆ. ಗಂಡ, ಹೆಂಡತಿ, ಮಕ್ಕಳು ಒಂದೇ ಸೂರಿನಡಿ ಇದ್ದರೂ ಗಂಡನ ಅಡ್ಡಹೆಸರುಗಳು ಬೇರೆ, ಹೆಂಡತಿಯವು ಬೇರೆ, ಮಕ್ಕಳವು ಬೇರೆ. ಇದರಿಂದ ಅಲ್ಲಿನ ಸಂಸಾರಗಳು ಒಡೆದುಹೋಗಿಲ್ಲ. ಮನೆಯ ಒಗ್ಗಟ್ಟಿಗೆ ಹೆಂಡತಿಯ ಹೆಸರು ಅಳಿಯಲೇಬೇಕೆಂದು ವಾದಿಸುವವರು ಈ ಸಂಗತಿಯನ್ನು ಯೋಚಿಸಿ ನೋಡಬೇಕು.

ಅಡ್ಡಹೆಸರುಗಳ ಅರ್ಥವನ್ನು ಅರಸುತ್ತ ಹೊರಟರೆ ಒಂದು ಸಮಾಜದ ಹಳೆಯ ಬದುಕೇ ಕಣ್ಣಮುಂದೆ ಬಂದು ನಿಲ್ಲುತ್ತದೆ. ಸ್ಪ್ಯಾನಿಷ್ ಹೆಸರುಗಳಲ್ಲಿ ಕೊನೆಗೆ ಬರುವ ‘ಎಸ್’ ಎಂಬ ಪ್ರತ್ಯಯಕ್ಕೆ ‘ಇಂಥವನ ಮಗ’ ಎಂದರ್ಥ. ರೊದ್ರಿಗೊವಿನ ಮಗ ರೊದ್ರಿಗೆಸ್. ಸಾಂಚೊವಿನ ಮಗ ಸಾಂಚೆಸ್. ಫೆರ್ನಾಂದೊವಿನ ಮಗ ಫೆರ್ನಾಂದೆಸ್. ಹಿಂದೆ ಇವು ತಲೆಮಾರಿಗೊಮ್ಮೆ ಬದಲಾಗುತ್ತಿದ್ದವು. ಕಾಲಕ್ರಮದಲ್ಲಿ ಸ್ಥಿರವಾಗಿ ನಿಂತು ಮನೆತನದ ಹೆಸರುಗಳಾದವು. ಕಸುಬಿನಿಂದ ಬಂದ ಹೆಸರುಗಳೂ ಉಂಟು. ‘ಎರ್ರೇರೊ’ ಎಂದರೆ ಕಂಬಾರ. ‘ಮೊಲಿನೇರೊ’ ಎಂದರೆ ಹಿಟ್ಟಿನ ಗಿರಣಿಯವನು. ನಮ್ಮ ಉತ್ತರ ಕರ್ನಾಟಕದ ಕಂಬಾರ, ಬಡಿಗೇರ, ಪತ್ತಾರ ಮೊದಲಾದ ಅಡ್ಡಹೆಸರುಗಳನ್ನು ಬಲ್ಲವರಿಗೆ ಇವು ಅಪರಿಚಿತವೆನಿಸಲಾರವು. ದೂರದ ಎರಡು ನಾಡುಗಳಲ್ಲಿ ಕುಲುಮೆಯ ಬೆಂಕಿ ಒಂದೇ ಬಗೆಯಲ್ಲಿ ಹೆಸರನ್ನು ಎರಕ ಹೊಯ್ದಿದೆ.

ಸ್ಪೇನಿನ ನೆರೆಯ ನಾಡಾದ ಪೋರ್ಚುಗಲ್ಲಿನ ಮೂಲಕ ಈ ಹೆಸರುಗಳಿಗೂ ನಮ್ಮ ಕರಾವಳಿಗೂ ನೇರವಾದ ನಂಟು ಬೆಳೆದಿದೆ. ಪೋರ್ಚುಗೀಸರು ಗೋವೆಯನ್ನು ಆಳುತ್ತಿದ್ದ ಕಾಲದಲ್ಲಿ ಅಲ್ಲಿನ ಕ್ರೈಸ್ತರು ಪೋರ್ಚುಗೀಸ್ ಅಡ್ಡಹೆಸರುಗಳನ್ನು ಪಡೆದರು. ಅವರಲ್ಲಿ ಹಲವು ಕುಟುಂಬಗಳು ಮುಂದೆ ದಕ್ಷಿಣಕ್ಕೆ ಬಂದು ಮಂಗಳೂರಿನ ಸುತ್ತಮುತ್ತ ನೆಲೆಸಿದವು. ಫೆರ್ನಾಂಡಿಸ್, ರೊಡ್ರಿಗಸ್, ಡಿಸೋಜ, ಪಿಂಟೊ ಎಂಬ ಹೆಸರುಗಳು ಹೀಗೆ ಕೊಂಕಣಿ ಮಾತನಾಡುವ ಮನೆಗಳಲ್ಲಿ ಬೇರುಬಿಟ್ಟವು. 1930ರಲ್ಲಿ ಮಂಗಳೂರಿನಲ್ಲಿ ಜನಿಸಿ ರಾಷ್ಟ್ರದ ಸಚಿವ ಪದವಿಗೇರಿದ ಜಾರ್ಜ್ ಫೆರ್ನಾಂಡಿಸ್ ಅವರ ಅಡ್ಡಹೆಸರೂ ಸ್ಪೇನಿನ ಫೆರ್ನಾಂದೆಸ್ ಎಂಬ ಅಡ್ಡಹೆಸರೂ ಒಂದೇ ಮರದ ಎರಡು ಕೊಂಬೆಗಳು. ಪೋರ್ಚುಗಲ್ಲಿನಲ್ಲಿಯೂ ತಾಯಿತಂದೆಯರಿಬ್ಬರ ಹೆಸರುಗಳನ್ನು ಧರಿಸುವ ವಾಡಿಕೆಯಿದೆ. ಆದರೆ ಅಲ್ಲಿ ಸಾಮಾನ್ಯವಾಗಿ ತಾಯಿಯದು ಮೊದಲು, ತಂದೆಯದು ಕೊನೆಗೆ. ನೆರೆಹೊರೆಯ ಎರಡು ದೇಶಗಳ ನಡುವೆಯೇ ಕ್ರಮ ಹೀಗೆ ತಲೆಕೆಳಗಾಗಿರುವಾಗ ಇಡೀ ಜಗತ್ತಿಗೆ ಒಂದೇ ಅಳತೆಗೋಲು ಹೇಗೆ ಸಲ್ಲುತ್ತದೆ?

ಎರಡು ಅಡ್ಡಹೆಸರುಗಳ ಈ ಕಟ್ಟುನಿಟ್ಟು ಅನಾದಿಯಿಂದ ಬಂದುದೆಂದು ತಿಳಿಯಬಾರದು. 1605ರಲ್ಲಿ ‘ದೊನ್ ಕಿಹೋತೆ’ ಕೃತಿಯ ಮೊದಲ ಭಾಗವನ್ನು ಪ್ರಕಟಿಸಿದ ಮಿಗೆಲ್ ದೆ ಸೆರ್ವಾಂತೆಸ್ ಸಾವೆದ್ರಾ ಅವರ ತಾಯಿಯ ಹೆಸರು ಲಿಯೊನೋರ್ ದೆ ಕೊರ್ತೀನಾಸ್. ಇಂದಿನ ನಿಯಮದಂತೆ ಅವರು ‘ಸೆರ್ವಾಂತೆಸ್ ಕೊರ್ತೀನಾಸ್’ ಆಗಬೇಕಾಗಿತ್ತು. ಆ ಕಾಲದಲ್ಲಿ ಬಂಧುಬಳಗದಲ್ಲಿದ್ದ ಯಾವ ಹೆಸರನ್ನಾದರೂ ಧರಿಸುವ ಸ್ವಾತಂತ್ರ್ಯವಿತ್ತು. ಎರಡು ಹೆಸರುಗಳ ವಾಡಿಕೆ ಮೊದಲು ಶ್ರೀಮಂತರಲ್ಲಿ ಹುಟ್ಟಿ ಮೆಲ್ಲಮೆಲ್ಲನೆ ಜನಸಾಮಾನ್ಯರಿಗೆ ಹಬ್ಬಿತು. 1870ರ ನಾಗರಿಕ ದಾಖಲಾತಿ ಶಾಸನ, 1889ರ ನಾಗರಿಕ ಸಂಹಿತೆ ಇವುಗಳಿಂದ ಅದು ಕಾನೂನಿನ ಬಲ ಪಡೆಯಿತು. ಸಂಪ್ರದಾಯವೆಂದು ನಾವು ಭಾವಿಸುವ ಎಷ್ಟೋ ಸಂಗತಿಗಳು ಹೀಗೆ ಕೆಲವೇ ತಲೆಮಾರುಗಳಷ್ಟು ಹಳೆಯವು. ಮನುಷ್ಯ ಮಾಡಿದ ನಿಯಮವನ್ನು ಮನುಷ್ಯ ತಿದ್ದಲೂಬಲ್ಲ.

ಸ್ಪೇನ್ ಹಾಗೆ ತಿದ್ದಿಕೊಂಡಿದೆ. ಆ ಪದ್ಧತಿಯಲ್ಲಿ ತಾಯಿಗೆ ಸ್ಥಾನವಿತ್ತು, ನಿಜ. ಆದರೆ ಸಮಾನ ಸ್ಥಾನವಿರಲಿಲ್ಲ. ಮುಂದಿನ ತಲೆಮಾರಿಗೆ ದಾಟುತ್ತಿದ್ದುದು ಮೊದಲ ಅಡ್ಡಹೆಸರು. ಆ ಮೊದಲ ಸ್ಥಾನ ಯಾವಾಗಲೂ ತಂದೆಯದು. ‘ಮಾರ್ಕೆಸ್’ ಎಂಬುದು ಲೇಖಕರ ತಾಯಿಯ ಹೆಸರೆಂದು ಹೇಳಿದರೂ ವಾಸ್ತವವಾಗಿ ಅದು ಆಕೆಯ ತಂದೆಯ ಹೆಸರೇ ಅಲ್ಲವೆ? ಅಜ್ಜಿಯರ ಹೆಸರುಗಳು ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯಾಗಿಬಿಡುತ್ತಿದ್ದವು. ಈ ಅಸಮತೆಯನ್ನು ಅರಿತು 1999ರಲ್ಲಿ ಅಲ್ಲಿನ ಶಾಸನಸಭೆ ಒಂದು ಕಾನೂನು ಮಾಡಿತು. ತಂದೆತಾಯಿಗಳು ಒಪ್ಪಿದರೆ ತಾಯಿಯ ಹೆಸರನ್ನು ಮೊದಲು ಇಡಬಹುದು ಎಂಬುದೇ ಆ ಕಾನೂನು. ಆದರೂ ಅವರು ಏನನ್ನೂ ಹೇಳದಿದ್ದರೆ ತಂದೆಯದೇ ಮೊದಲಾಗುತ್ತಿತ್ತು. 2011ರಲ್ಲಿ ಅಂಗೀಕಾರವಾದ ಇನ್ನೊಂದು ಶಾಸನ ಈ ವಿಷಯದಲ್ಲಿ 2017ರ ಜೂನ್ 30ರಿಂದ ಜಾರಿಗೆ ಬಂದು ಆ ಹೆಚ್ಚುಗಾರಿಕೆಯನ್ನೂ ತೆಗೆದುಹಾಕಿತು. ಈಗ ಯಾವ ಹೆಸರು ಮೊದಲೆಂಬುದನ್ನು ದಂಪತಿಗಳೇ ಕೂಡಿ ನಿರ್ಧರಿಸಬೇಕು. ಅವರಲ್ಲಿ ಒಮ್ಮತ ಮೂಡದಿದ್ದರೆ ದಾಖಲಾತಿ ಅಧಿಕಾರಿ ಮಗುವಿನ ಹಿತವನ್ನು ನೋಡಿ ತೀರ್ಮಾನಿಸುತ್ತಾರೆ. ಎರಡು ಪದಗಳ ಸ್ಥಾನಪಲ್ಲಟ ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ಸಾವಿರಾರು ತಾಯಂದಿರ ಮನೆಗಳು ಅಳಿಯದೆ ಉಳಿಯುವ ದಾರಿ ಇದರಿಂದ ತೆರೆಯಿತು.

ಕಾನೂನು ತಡವಾಗಿ ಮಾಡಿದುದನ್ನು ಕಲೆ ಮೊದಲೇ ಮಾಡಿತ್ತು. ಗಾರ್ಸಿಯಾ ಮಾರ್ಕೆಸ್ ಬಾಲ್ಯದ ಮೊದಲ ವರ್ಷಗಳನ್ನು ಕಳೆದುದು ಅರಾಕತಾಕಾ ಎಂಬ ಊರಿನಲ್ಲಿ, ತಾಯಿಯ ತಂದೆತಾಯಿಗಳ ಮನೆಯಲ್ಲಿ. ನೂರು ವರ್ಷಗಳ ಏಕಾಂತದ ಕಥೆಯಾಗಿ 1967ರಲ್ಲಿ ಹೊರಬಂದ ಅವರ ಮಹಾಕಾದಂಬರಿಯಲ್ಲಿ ಇಡೀ ವಂಶವನ್ನು ಹೆಗಲ ಮೇಲೆ ಹೊತ್ತು ನಡೆಯುವ ಮೂಲಮಾತೆಯ ಹೆಸರು ಊರ್ಸುಲಾ ಇಗ್ವಾರಾನ್. ತಮ್ಮ ಹೆಸರಿನಲ್ಲಿ ಉಳಿಯದೆ ಹೋದ ಅಜ್ಜಿಯ ಮನೆತನದ ಹೆಸರನ್ನು ಅವರು ತಮ್ಮ ಕಥೆಯ ಗಟ್ಟಿಗಿತ್ತಿಗೆ ಇಟ್ಟರು. ದಾಖಲೆಯ ಪುಸ್ತಕದಿಂದ ಜಾರಿದ ಹೆಸರು ಸಾಹಿತ್ಯದಲ್ಲಿ ಅಮರವಾಯಿತು.

ರೂಢಿಯೊಳಗೆ ವ್ಯಕ್ತಿಯ ಇಚ್ಛೆಗೂ ಎಡೆಯುಂಟು. 1881ರಲ್ಲಿ ಮಲಗಾ ನಗರದಲ್ಲಿ ಜನಿಸಿದ ಚಿತ್ರಕಾರ ಪಾಬ್ಲೊ ಪಿಕಾಸೊ ಅವರ ತಂದೆ ಹೊಸೆ ರೂಯಿಸ್. ತಾಯಿ ಮರಿಯಾ ಪಿಕಾಸೊ. ಮೊದಮೊದಲು ‘ರೂಯಿಸ್ ಪಿಕಾಸೊ’ ಎಂದು ಸಹಿ ಮಾಡುತ್ತಿದ್ದ ಅವರು ಬಳಿಕ ತಾಯಿಯ ಹೆಸರನ್ನೇ ಉಳಿಸಿಕೊಂಡರು. ರೂಯಿಸ್ ಎಂಬವರು ಸ್ಪೇನಿನಲ್ಲಿ ಅಸಂಖ್ಯಾತರು. ಪಿಕಾಸೊ ಎಂಬುದು ವಿರಳ. ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಅವರನ್ನು ಜನ ‘ಲೋರ್ಕಾ’ ಎಂದು ಕರೆಯುವುದೂ ಈ ಕಾರಣದಿಂದಲೇ; ಗಾರ್ಸಿಯಾ ಎಂಬುದು ಸ್ಪೇನಿನ ಅತ್ಯಂತ ಸಾಮಾನ್ಯವಾದ ಅಡ್ಡಹೆಸರು. ತಂದೆತಾಯಿಗಳಿಬ್ಬರೂ ಗಾರ್ಸಿಯಾ ಮನೆತನದವರಾದರೆ ಮಗು ‘ಗಾರ್ಸಿಯಾ ಗಾರ್ಸಿಯಾ’ ಆಗುತ್ತದೆ. ಅದನ್ನು ಕಂಡು ಅಚ್ಚಿನ ದೋಷವೆಂದು ಒಂದನ್ನು ಹೊಡೆದುಹಾಕಿದರೆ ಒಬ್ಬ ತಾಯಿಯನ್ನೇ ಅಳಿಸಿದಂತಾಗುತ್ತದೆ!

ತಪ್ಪು ತಿಳಿವಳಿಕೆಗೆ ಆಸ್ಪದ ಕೊಡುವ ಮತ್ತೊಂದು ಹೆಸರು ಸಾಂತಿಯಾಗೊ ರಮೋನ್ ಇ ಕಹಾಲ್ ಎಂಬುದು. ಮೆದುಳಿನ ನರಕೋಶಗಳ ರಚನೆಯನ್ನು ಶೋಧಿಸಿ 1906ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮಹಾವಿಜ್ಞಾನಿ ಇವರು. ‘ರಮೋನ್’ ಎಂಬುದು ಸ್ಪೇನಿನಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರೂ ಹೌದು. ಆದುದರಿಂದ ಅದನ್ನು ಇವರ ಎರಡನೆಯ ಹೆಸರೆಂದೂ ‘ಕಹಾಲ್’ ಒಂದೇ ಅಡ್ಡಹೆಸರೆಂದೂ ಹೊರಗಿನವರು ಭಾವಿಸುವುದುಂಟು. ವಾಸ್ತವವಾಗಿ ರಮೋನ್ ಇವರ ತಂದೆಯ ಮನೆತನದ ಹೆಸರು, ಕಹಾಲ್ ತಾಯಿಯದು. ನಡುವಿನ ‘ಇ’ ಎಂಬುದಕ್ಕೆ ‘ಮತ್ತು’ ಎಂದರ್ಥ. ಎರಡು ಮನೆಗಳನ್ನು ಜೋಡಿಸಿದ ಆ ಒಂದಕ್ಷರವನ್ನು ಗಮನಿಸಿದವರು ಎಡವುವುದಿಲ್ಲ.

ಕರೆಯುವ ರೀತಿಯಲ್ಲಿಯೂ ಅವರದೇ ಮರ್ಯಾದೆಯುಂಟು. ‘ಸೆನ್ಯೋರ್’ ಎಂಬ ಶಬ್ದ ಅಡ್ಡಹೆಸರಿನೊಂದಿಗೆ ಸೇರುತ್ತದೆ. ‘ದೊನ್’ ಎಂಬ ಗೌರವಸೂಚಕ ಇಟ್ಟ ಹೆಸರಿನೊಂದಿಗೆ ಸೇರುತ್ತದೆ. ಮಿಗೆಲ್ ಎಂಬ ಹಿರಿಯರನ್ನು ‘ದೊನ್ ಮಿಗೆಲ್’ ಎನ್ನುತ್ತಾರೆ. ನಾವು ‘ಪುಟ್ಟಪ್ಪನವರು’ ಎನ್ನುವಾಗ ತೋರುವ ಆತ್ಮೀಯ ಗೌರವಕ್ಕೆ ಇದು ಹತ್ತಿರವಾದುದು. ಹೆಸರಿನಲ್ಲಿ ಪದಗಳ ಕ್ರಮ ಎಷ್ಟು ಮುಖ್ಯವೆಂಬುದಕ್ಕೆ ಒಂದು ಸ್ವಾರಸ್ಯದ ನಿದರ್ಶನ ಕೇಳಿರಿ: ‘ಹೊಸೆ ಮರಿಯಾ’ ಎಂದರೆ ಗಂಡಸು, ‘ಮರಿಯಾ ಹೊಸೆ’ ಎಂದರೆ ಹೆಂಗಸು.

ಹೆಸರು ಮನೆಯಲ್ಲಿ ಹುಟ್ಟದೆ ಕಚೇರಿಯಲ್ಲಿ ಹುಟ್ಟಿದರೆ ಏನಾಗುತ್ತದೆ ಎಂಬುದಕ್ಕೂ ಸ್ಪೇನಿನ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. ಫಿಲಿಪೈನ್ಸ್ ದ್ವೀಪಗಳು ಸ್ಪೇನಿನ ವಶದಲ್ಲಿದ್ದಾಗ ಅಲ್ಲಿನ ಬಹುಮಂದಿಗೆ ಸ್ಥಿರವಾದ ಅಡ್ಡಹೆಸರುಗಳಿರಲಿಲ್ಲ. ಒಡಹುಟ್ಟಿದವರ ಹೆಸರುಗಳೇ ಬೇರೆ ಬೇರೆಯಾಗಿರುತ್ತಿದ್ದವು. ತೆರಿಗೆಯ ಲೆಕ್ಕಕ್ಕೂ ಜನಗಣತಿಗೂ ಇದು ತೊಡಕೆಂದು ಬಗೆದು ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ 1849ರಲ್ಲಿ ಒಂದು ಆಜ್ಞೆ ಹೊರಡಿಸಿದರು. ಅಕಾರಾದಿಯಾಗಿ ಅಡ್ಡಹೆಸರುಗಳ ಒಂದು ದೊಡ್ಡ ಪಟ್ಟಿ ಸಿದ್ಧವಾಯಿತು. ಅದರ ಹಾಳೆಗಳನ್ನು ಊರೂರಿಗೂ ಹಂಚಿ ಮನೆಗೊಂದು ಹೆಸರನ್ನು ಗೊತ್ತುಮಾಡಿದರು. ಕೆಲವು ಊರುಗಳಲ್ಲಿ ಬಹುಪಾಲು ಕುಟುಂಬಗಳ ಹೆಸರು ಒಂದೇ ಅಕ್ಷರದಿಂದ ಆರಂಭವಾಗುವುದನ್ನು ಇಂದಿಗೂ ಕಾಣಬಹುದು. ಆ ಮನೆಗಳು ತಮ್ಮ ಅಡ್ಡಹೆಸರಿನ ಜಾಡು ಹಿಡಿದು ಹೊರಟರೆ ತಲುಪುವುದು ಪೂರ್ವಜರನ್ನಲ್ಲ, ಒಂದು ಪಟ್ಟಿಯನ್ನು. ಆಡಳಿತದ ಅನುಕೂಲಕ್ಕಾಗಿ ಜನರ ಹೆಸರನ್ನು ಬದಲಿಸುವುದು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಸ್ಪೇನನ್ನು ಬಿಟ್ಟು ಇತರ ನಾಡುಗಳತ್ತ ಒಮ್ಮೆ ಕಣ್ಣು ಹಾಯಿಸೋಣ. ಐಸ್‌ಲೆಂಡಿನಲ್ಲಿ ಬಹುತೇಕರಿಗೆ ಮನೆತನದ ಹೆಸರೇ ಇಲ್ಲ. 1980ರಲ್ಲಿ ಅಲ್ಲಿನ ರಾಷ್ಟ್ರಾಧ್ಯಕ್ಷೆಯಾಗಿ ಚುನಾಯಿತರಾದವರು ವಿಗ್‌ದಿಸ್ ಫಿನ್‌ಬೊಗದೋಟ್ಟಿರ್. ಕೊನೆಯ ಪದಕ್ಕೆ ‘ಫಿನ್‌ಬೊಗಿಯ ಮಗಳು’ ಎಂದಷ್ಟೇ ಅರ್ಥ. ಅಲ್ಲಿನ ಜನ ರಾಷ್ಟ್ರಾಧ್ಯಕ್ಷರನ್ನು ಸಹ ಇಟ್ಟ ಹೆಸರಿನಿಂದಲೇ ಕರೆಯುತ್ತಾರೆ. ಚೀನ, ಜಪಾನ್, ಹಂಗೇರಿಗಳಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಬಳಿಕ. ಜಪಾನಿನ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಪಾಶ್ಚಾತ್ಯರ ಅನುಕೂಲಕ್ಕೆಂದು ಬಹುಕಾಲ ತಿರುಗಿಸಿ ಬರೆಯುತ್ತಿದ್ದರು. 2020ರ ಜನವರಿ 1ರಿಂದ ತನ್ನ ಅಧಿಕೃತ ಪತ್ರಗಳಲ್ಲಿ ಮನೆತನದ ಹೆಸರನ್ನೇ ಮೊದಲು ಬರೆಯಲು ಅಲ್ಲಿನ ಸರ್ಕಾರ ತೀರ್ಮಾನಿಸಿತು. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬರ್ಮಾ ದೇಶದ ಊ ಥಾಂಟ್ ಅವರಿಗೆ ಇದ್ದುದು ‘ಥಾಂಟ್’ ಎಂಬ ಒಂದೇ ಹೆಸರು. ‘ಊ’ ಎಂಬುದು ನಮ್ಮ ‘ಶ್ರೀ’ಯಂತೆ ಒಂದು ಗೌರವಸೂಚಕ. ಒಂದೇ ಪದದ ಹೆಸರು ಹೊತ್ತವರು ಜಗತ್ತಿನ ಅತ್ಯುನ್ನತ ಸ್ಥಾನಗಳಲ್ಲೊಂದನ್ನು ಘನತೆಯಿಂದ ನಿರ್ವಹಿಸಿದರು.

ದೂರದ ನಾಡುಗಳ ಮಾತು ಹಾಗಿರಲಿ. ನಮ್ಮ ಕರ್ನಾಟಕದೊಳಗೇ ಹೆಸರಿಗೆ ಒಂದೇ ಕ್ರಮವಿದೆಯೆ? ಕುವೆಂಪು ಅವರ ಪೂರ್ಣ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಸ್ವಂತ ಹೆಸರು. ಬೇಂದ್ರೆಯವರದು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಇಲ್ಲಿ ಮೊದಲನೆಯದು ಸ್ವಂತ ಹೆಸರು, ನಡುವಿನದು ತಂದೆ, ಕೊನೆಯದು ಮನೆತನ. ಇಬ್ಬರು ಮಹಾಕವಿಗಳ ಹೆಸರುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ. ‘ಮೊದಲ ಪದವೇ ಇಟ್ಟ ಹೆಸರು’ ಎಂದು ನಂಬಿದ ಪರದೇಶದವನೊಬ್ಬ ಕುವೆಂಪು ಅವರನ್ನು ‘ಕುಪ್ಪಳಿ’ ಎಂದು ಕೂಗಿಯಾನು. ಒಬ್ಬ ಕವಿಯನ್ನು ಅವರ ಊರಿನ ಹೆಸರಿನಿಂದ ಕೂಗಿದರೆ ನಮಗೆ ನಗು ಬರುತ್ತದೆ. ‘ಮಾರ್ಕೆಸ್’ ಎಂದಷ್ಟೇ ಹೇಳುವ ನಮ್ಮ ಮಾತನ್ನು ಕೇಳಿ ಕೊಲಂಬಿಯದವರಿಗೂ ಹಾಗೆಯೇ ಅನಿಸಬಹುದಲ್ಲವೆ?

ತಾಯಿಯ ಹೆಸರನ್ನು ಧರಿಸುವ ಕ್ರಮವೂ ನಮಗೆ ಹೊಸದಲ್ಲ. ಕರ್ನಾಟಕದ ಕೆಲವು ಭಾಗಗಳನ್ನೂ ಆಳಿದ ಶಾತವಾಹನರಲ್ಲಿ ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಳುಮಾವಿ ಎಂಬ ಅರಸರಿದ್ದರು; ತಾಯಿಯನ್ನು ಮುಂದಿಟ್ಟು ತಮ್ಮನ್ನು ಗುರುತಿಸಿಕೊಂಡವರು ಅವರು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಬಳಿ ಎಂಬ ಕುಲಸೂತ್ರ ಹರಿದುಬರುವುದು ತಾಯಿಯ ಕಡೆಯಿಂದ. ಬೇಂದ್ರೆಯವರ ರೂಢಿಯ ಹೆಸರಿನಲ್ಲಿ ತಂದೆಯೂ ಮನೆತನವೂ ಇವೆ, ತಾಯಿಯಿಲ್ಲ. ಆದರೆ ಕವಿತೆಗೆ ಅಂಕಿತ ಹಾಕುವಾಗ ಅವರು ‘ಅಂಬಿಕಾತನಯದತ್ತ’ ಆದರು. ಅಂಬಿಕೆಯ ಮಗ ದತ್ತ ಎಂದು ಅದರ ಅರ್ಥ. ಅಂಬಿಕೆ ಅವರ ಹೆತ್ತ ತಾಯಿ. ಗಾರ್ಸಿಯಾ ಮಾರ್ಕೆಸ್ ಅಜ್ಜಿಯ ಹೆಸರನ್ನು ಕಥೆಯಲ್ಲಿ ಉಳಿಸಿದಂತೆ ಬೇಂದ್ರೆಯವರು ತಾಯಿಯ ಹೆಸರನ್ನು ಕಾವ್ಯದಲ್ಲಿ ಉಳಿಸಿದರು.

ಇಷ್ಟೆಲ್ಲ ವೈವಿಧ್ಯವಿದ್ದರೂ ಇಂದಿನ ಜಗತ್ತಿನ ಅರ್ಜಿ ನಮೂನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡೇ ಕಾಲಂಗಳು: ಇಟ್ಟ ಹೆಸರು ಒಂದು, ಅಡ್ಡಹೆಸರು ಇನ್ನೊಂದು. ಮನೆತನದ ಹೆಸರಿಲ್ಲದ ದಕ್ಷಿಣ ಕರ್ನಾಟಕದ ಎಷ್ಟೋ ಮಂದಿ ಈ ಎರಡನೆಯ ಕಾಲಂನ ಮುಂದೆ ಪೇಚಿಗೆ ಸಿಕ್ಕುತ್ತಾರೆ. ಒಬ್ಬರು ಅಲ್ಲಿ ಊರನ್ನು ಬರೆಯುತ್ತಾರೆ, ಇನ್ನೊಬ್ಬರು ತಂದೆಯ ಹೆಸರನ್ನು ಬರೆಯುತ್ತಾರೆ. ವಿದೇಶಕ್ಕೆ ಹೋದ ಮೇಲೆ ಅಲ್ಲಿನವರು ಆ ತಂದೆಯ ಹೆಸರಿನಿಂದಲೇ ಮಗನನ್ನು ಕರೆಯತೊಡಗುತ್ತಾರೆ. 2022ರ ನವೆಂಬರ್ ತಿಂಗಳಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ದೇಶ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಸಂದರ್ಶಕರಿಗೆ ಪ್ರವೇಶವಿಲ್ಲವೆಂದು ಸೂಚಿಸಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಬಳಿಕ ಸಡಿಲಿಸಿತು. ವಿಶ್ವಸಂಸ್ಥೆಯನ್ನೇ ಮುನ್ನಡೆಸಿದ ಊ ಥಾಂಟ್ ಅವರಂತಹವರು ಈ ನಮೂನೆಯ ಮುಂದೆ ‘ಅಪೂರ್ಣ’ರಾಗುತ್ತಾರೆಂದರೆ ಅಪೂರ್ಣವಾದುದು ಮನುಷ್ಯನೋ, ನಮೂನೆಯೋ?

“ಆಡಳಿತಕ್ಕೆ ಏಕರೂಪತೆ ಬೇಡವೆ? ಕೋಟ್ಯಂತರ ಜನರ ಲೆಕ್ಕವನ್ನು ಯಂತ್ರಗಳು ಇಡುವ ಈ ಕಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಿಯಮ ಸಾಧ್ಯವೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಒಬ್ಬನನ್ನು ಇನ್ನೊಬ್ಬನೆಂದು ಭ್ರಮಿಸದಂತೆ ನೋಡಿಕೊಳ್ಳುವುದು ಆಡಳಿತದ ಕರ್ತವ್ಯ. ಆದರೆ ಏಕರೂಪತೆ ಬೇರೆ, ಒಂದು ದೇಶದ ರೂಢಿಯನ್ನು ಎಲ್ಲರ ಮೇಲೆ ಹೇರುವುದು ಬೇರೆ. ಪಾಸ್‌ಪೋರ್ಟುಗಳಿಗೆ ಮಾದರಿ ರೂಪಿಸುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹೆಸರಿನ ಭಾಗಗಳನ್ನು ‘ಪ್ರಧಾನ ಗುರುತು’, ‘ದ್ವಿತೀಯ ಗುರುತು’ ಎಂದು ಕರೆದಿದೆ. ಒಂದೇ ಪದದ ಹೆಸರಿಗೂ ಅಲ್ಲಿ ಅವಕಾಶವಿದೆ. ನಮ್ಮ ಭಾರತ ಸರ್ಕಾರವೂ 2016ರಲ್ಲಿ ಪಾಸ್‌ಪೋರ್ಟಿನ ಅರ್ಜಿಗೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರ ಹೆಸರಿದ್ದರೆ ಸಾಕೆಂದು ನಿಯಮವನ್ನು ತಿದ್ದಿತು. ಮನಸ್ಸಿದ್ದರೆ ನಮೂನೆಯನ್ನು ಮನುಷ್ಯನಿಗೆ ಹೊಂದಿಸಬಹುದೆಂಬುದಕ್ಕೆ ಇವೇ ಸಾಕ್ಷಿ. ‘ನಿಮ್ಮ ಪೂರ್ಣ ಹೆಸರೇನು? ನಿಮ್ಮನ್ನು ಹೇಗೆ ಕರೆಯಬೇಕು?’ ಎಂಬ ಎರಡು ಪ್ರಶ್ನೆಗಳಿಗೆ ಸ್ಥಳವಿಟ್ಟರೆ ಸ್ಪೇನಿನವರೂ ಕುಪ್ಪಳಿಯವರೂ ಒಂದೇ ಹಾಳೆಯಲ್ಲಿ ಗೌರವದಿಂದ ಹಿಡಿಸುತ್ತಾರೆ.

ಸರ್ಕಾರಗಳೂ ಸಂಸ್ಥೆಗಳೂ ಮಾಡಬೇಕಾದ ಕೆಲಸ ಅದು. ನಾವು ನೀವು ಮಾಡಬಹುದಾದುದೂ ಇದೆ. ನಿಮ್ಮ ತರಗತಿಗೆ ಬೇರೆ ರಾಜ್ಯದಿಂದಲೋ ಬೇರೆ ದೇಶದಿಂದಲೋ ಒಬ್ಬ ಸಹಪಾಠಿ ಬರಬಹುದು. ಆತನ ಹೆಸರು ನಾಲಗೆಗೆ ಒಗ್ಗದಿದ್ದರೆ ನಮಗೆ ಸುಲಭವಾದ ಇನ್ನೊಂದು ಹೆಸರನ್ನು ಅಂಟಿಸುವುದು ಸ್ನೇಹವಲ್ಲ. ಹೇಗೆ ಉಚ್ಚರಿಸಬೇಕೆಂದು ಕೇಳಿ, ಎರಡು ಬಾರಿ ಹೇಳಿ ಕಲಿಯುವುದು ಸ್ನೇಹ. ಅದರಲ್ಲಿ ಯಾವುದು ತಂದೆಯದು, ಯಾವುದು ತಾಯಿಯದು, ಯಾವುದು ಊರಿನದು ಎಂದು ವಿಚಾರಿಸಿದರೆ ಒಂದು ಮನೆತನದ ಕಥೆಯೇ ನಿಮಗೆ ದೊರೆಯಬಹುದು. ಹಾಗೆಯೇ ನಿಮ್ಮ ಹೆಸರಿನ ಹಿಂದಿರುವ ಅಕ್ಷರಗಳ ಅರ್ಥವನ್ನೂ ಹಿರಿಯರಿಂದ ಕೇಳಿ ತಿಳಿಯಿರಿ. ಅಪ್ಪನ ಊರಿನೊಂದಿಗೆ ಅಜ್ಜಿಯ ಮನೆಯ ಹೆಸರನ್ನೂ ಕೇಳಲು ಮರೆಯಬೇಡಿ. ಅದನ್ನು ಬರೆದಿಟ್ಟ ಪುಸ್ತಕ ಬಹುಶಃ ಎಲ್ಲಿಯೂ ಇರಲಾರದು.

ಮನುಷ್ಯ ಹುಟ್ಟಿದ ಕೆಲವೇ ದಿನಗಳಲ್ಲಿ ಪಡೆಯುವ ಮೊದಲ ಆಸ್ತಿ ಅವನ ಹೆಸರು. ಬಡವನಿಗೂ ಸಿರಿವಂತನಿಗೂ ಸಮಾನವಾಗಿ ದೊರೆಯುವ ಆಸ್ತಿಯೂ ಅದೇ. ಅದನ್ನು ಅವನು ಕೊಟ್ಟಂತೆಯೇ ಸ್ವೀಕರಿಸಿ, ಅವನು ಬಯಸಿದಂತೆಯೇ ಕರೆಯಲು ನಮಗೆ ತಗಲುವ ವೆಚ್ಚ ಏನೂ ಇಲ್ಲ. ಅಷ್ಟನ್ನು ಸಹ ಮಾಡದವನು ಪರರನ್ನು ಗೌರವಿಸುತ್ತೇನೆಂದು ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ.